ಕೊನೆಯ ಸಾಲು ಕೇಳದ ಊರು

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಂಬುವವರು ನಂಬಿ, ನಂಬದವರು ಎದ್ದು ಹೋಗಿ ಚಹಾ ಕುಡಿದು ಬನ್ನಿ. ಬೆಟ್ಟದ ಈಚೆ ಒಂದು ಊರಿತ್ತು. ಊರು ಅಂತ ಯಾರೂ ಅದನ್ನು ಕಟ್ಟಿದ್ದಲ್ಲ. ಬೆಟ್ಟದ ಆಚೆಯಿಂದ ಓಡಿಸಿಕೊಂಡು ಬಂದವರು ನಾಲ್ಕು ದಿನದ ಮಟ್ಟಿಗೆ ಅಂತ ಡೇರೆ ಹೊಡೆದರು. ಡೇರೆ ಹರಿಯಿತು, ತಗಡು ಹಾಕಿದರು. ತಗಡು ತುಕ್ಕು ಹಿಡಿಯಿತು, ಸಿಮೆಂಟು ಇಟ್ಟಿಗೆ ತಂದರು. ಅಷ್ಟರಲ್ಲಿ ಡೇರೆ ಹೊಡೆದವರ ಮೊಮ್ಮಕ್ಕಳಿಗೆ ಹಲ್ಲು ಹುಟ್ಟಿ, ಮದುವೆಯಾಗಿ, ತಲೆ ನರೆತಿತ್ತು. ನಿಮ್ಮೂರು ಯಾವುದು ಅಂತ ಯಾರನ್ನೇ ಕೇಳಿ, ಬೆಟ್ಟದ ಆಚೆಗೆ ಕೈ ತೋರಿಸಿ ಫಲಸ್ತೀನ್ ಅನ್ನುತ್ತಿದ್ದರು. ಆಡುವ ಮಾತು ಅರಬಿ. ಆ ಅರಬಿಯಲ್ಲಿ ಅವರಿಗೆ ಬೇಕಾದಷ್ಟು ಇದ್ದದ್ದು ಕವಿತೆ ಒಂದೇ. ನೀರು ಬಂದರೆ ಬಂತು, ಕರೆಂಟು ತನಗೆ ಮನಸ್ಸಾದಾಗ ಬರುತ್ತಿತ್ತು, ಕವಿತೆ ಮಾತ್ರ ಯಾವತ್ತೂ ಕೈಕೊಡುತ್ತಿರಲಿಲ್ಲ.

ಆ ಊರಿಗೊಂದು ಕಟ್ಟಳೆ. ಗುರುವಾರ, ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ನಡುಬೀದಿಯ ಅಂಗಳದಲ್ಲಿ ಎಲ್ಲರೂ ಸೇರಬೇಕು. ಕವಿಯಾದವನು ಕಲ್ಲಿನ ಮೇಲೆ ನಿಂತು ಓದಬೇಕು. ಕೇಳುವವರಲ್ಲಿ ಯಾರಿಗಾದರೂ ಒಂದು ಸಾಲು ಹಿಡಿಸಿ ‘ಇನ್ನೊಮ್ಮೆ!’ ಅಂತ ಕೂಗಿದರೆ, ಕವಿ ಆ ಸಾಲನ್ನು ಇನ್ನೊಮ್ಮೆ ಹೇಳಲೇಬೇಕು. ಮತ್ತೆ ಕೂಗಿದರೆ ಮತ್ತೆ ಹೇಳಬೇಕು. ಕೂಗು ನಿಲ್ಲುವ ತನಕ ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ಕೂಗುವ ಗಂಟಲು ಊರಿಗೆ ಊರೇ ಆಗಬೇಕಾಗಿಲ್ಲ, ಒಂದೇ ಒಂದು ಸಾಕು. ಹೊತ್ತು ಮುಳುಗಿ ಮಗ್ರಿಬ್ ಬಾಂಗ್ ಕೇಳಿಸಿತೋ, ಸಭೆ ಬರಖಾಸ್ತು. ಮುಂದಿನ ವಾರ ಬಿಟ್ಟಲ್ಲಿಂದ ಶುರು ಮಾಡುತ್ತೇನೆ ಅಂದರೆ ಆಗದು, ಮೊದಲಿಂದಲೇ ಓದಬೇಕು. ನಮ್ಮ ಕಡೆ ಕಂಪನಿ ನಾಟಕದಲ್ಲಿ ಜನ ‘ಒನ್ಸ್ ಮೋರ್’ ಅಂತ ಕೂಗಿದರೆ ಸತ್ತು ಬಿದ್ದಿದ್ದ ಪಾತ್ರಧಾರಿ ಎದ್ದು ಕೂತು, ಹಾಡು ಹೇಳಿ, ಮತ್ತೆ ನೀಟಾಗಿ ಸಾಯುತ್ತಿದ್ದನಂತಲ್ಲ, ಅಂಥ ಜನ ಅಂತ ಇಟ್ಟುಕೊಳ್ಳಿ.

ಇದರಿಂದ ಏನಾಯಿತು ಅಂದರೆ, ಆ ಊರಲ್ಲಿ ಯಾರೂ ಒಂದು ಒಳ್ಳೆಯ ಕವಿತೆಯನ್ನು ಪೂರ್ತಿ ಕೇಳಿರಲಿಲ್ಲ.

ಆ ಊರಿನ ದೊಡ್ಡ ಕವಿ ಅಂತ ಒಬ್ಬನಿದ್ದ. ನಮ್ಮ ಕಥೆ ಅವನದು. ಬಿಳಿ ಮೀಸೆ, ತಲೆಗೊಂದು ವಸ್ತ್ರ, ಇಸ್ತ್ರಿ ಮಾಡಿದ ಕೋಟು, ಬಾಯಿ ತುಂಬ ಕಟ್ಟಿಸಿದ ಹಲ್ಲು. ನಡೆದು ಬಂದರೆ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಅವನ ಒಂದು ಸಾಲು, ‘ನಾನು ಬಿಟ್ಟುಬಂದ ಬಾವಿ ನನ್ನ ಬಾಯಾರಿಕೆಯನ್ನು ಕುಡಿಯುತ್ತಿದೆ’ ಅನ್ನುವುದು, ಊರ ಗೋಡೆಗಳ ಮೇಲೆಲ್ಲ ಇತ್ತು. ಮದುವೆಯ ಕರೆಯೋಲೆಯಲ್ಲಿ ಇತ್ತು. ನೀರಿನ ಟ್ಯಾಂಕರಿನ ಹಿಂದೆಯೂ ಇತ್ತು, ಅಲ್ಲಿ ಓದಿದರೆ ಸ್ವಲ್ಪ ಗಾಬರಿಯಾಗುತ್ತಿತ್ತು. ಬಾವಿ ಆಮೇಲೆ ಏನು ಮಾಡಿತು ಅಂತ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿದವರೂ ಅಲ್ಲ. ಆ ಸಾಲಿನ ಹತ್ತಿರ ಬಂದ ಕೂಡಲೇ ಊರು ‘ಇನ್ನೊಮ್ಮೆ!’ ಅನ್ನುತ್ತಿತ್ತು, ಹೊತ್ತು ಮುಳುಗುವವರೆಗೂ ಅನ್ನುತ್ತಿತ್ತು, ಗಂಟಲು ಕಟ್ಟಿಸಿಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಿತ್ತು.

ಸಭೆಯಲ್ಲಿ ಅರ್ಥ ಹೇಳುವವನು ಅಂತ ಬೇರೆ ಒಬ್ಬನಿದ್ದ. ಕವಿ ಬಾಯಿ ಮುಚ್ಚುವುದೇ ತಡ, ಇವನು ಎದ್ದು ನಿಂತು ‘ಬಾವಿ ಅಂದರೆ ನಮ್ಮ ಊರು’ ಅನ್ನುತ್ತಿದ್ದ. ಹೆಂಗಸು ಅಂದರೆ ನಮ್ಮ ಊರು. ಕಾಫಿ ಅಂದರೆ ನಮ್ಮ ಊರು. ಒಮ್ಮೆ ಪಾಪ ಯಾರೋ ಒಬ್ಬ ತನ್ನ ಕತ್ತೆಯ ಮೇಲೆ ಪದ್ಯ ಕಟ್ಟಿದ್ದ. ಕತ್ತೆ ಅಂದರೂ ನಮ್ಮ ಊರೇ ಅಂತ ಇವನು ಸಾಧಿಸಿ ಕೂರಿಸಿದ, ಜನ ಕಣ್ಣೀರು ಒರೆಸಿಕೊಂಡರು. ದೊಡ್ಡ ಕವಿಗೆ ಇವನನ್ನು ಕಂಡರೆ ಒಳಗೊಳಗೇ ಉರಿ, ಆದರೆ ಹೊಗಳುವವನನ್ನು ಬಯ್ಯುವುದಕ್ಕೆ ಯಾರಿಗೆ ತಾನೇ ಬಾಯಿ ಬಂದೀತು. ನಿಜ ಹೇಳಬೇಕೆಂದರೆ ದೊಡ್ಡ ಕವಿ ಬಹಳ ವರ್ಷಗಳಿಂದ ಎರಡನೇ ಸಾಲು ಬರೆಯುವುದನ್ನೇ ಬಿಟ್ಟಿದ್ದ. ಕೇಳುವವರೇ ಇಲ್ಲ, ಬರೆದು ಏನು ಉಪ್ಪಿನಕಾಯಿ ಹಾಕೋದಾ?

ಹೀಗೆ ಜಂಬದಲ್ಲಿ ಇರುವಾಗ ಅವನ ಹೆಂಡತಿ ತೀರಿಕೊಂಡಳು.

ಮೂತ್ರಪಿಂಡದ ಕಾಯಿಲೆ. ದೊಡ್ಡಾಸ್ಪತ್ರೆ ಇದ್ದದ್ದು ಬೆಟ್ಟದ ಬುಡದ ಕಾವಲು ಗೇಟಿನ ಆಚೆ. ಗೇಟು ದಾಟಬೇಕಾದರೆ ಚೀಟಿ ಬೇಕು. ಚೀಟಿ ಪರಿಶೀಲನೆಯಲ್ಲಿದೆ ಅಂದರು. ಆಂಬುಲೆನ್ಸು ಗೇಟಿನ ಮುಂದೆ ಬಿಸಿಲಲ್ಲಿ ನಿಂತೇ ಇತ್ತು, ಒಳಗೆ ಅವಳು ಮಲಗೇ ಇದ್ದಳು, ಪರಿಶೀಲನೆ ನಡೆದೇ ಇತ್ತು. ಕೊನೆಗೆ ಚೀಟಿ ಬೇಡವಾಯಿತು. ಹೊಟ್ಟೆಗೆ ಬೆಂಕಿ ಇಟ್ಟ ಹಾಗಾಗುತ್ತದೆ ಸ್ವಾಮಿ, ಇಂಥದ್ದನ್ನು ಹೇಳುವಾಗ. ಆದರೆ ಆ ಊರಲ್ಲಿ ಇದು ಪ್ರತಿ ಬೀದಿಯಲ್ಲೂ ಆಗಿರುವಂಥದ್ದೇ. ಹಾಗಾಗಿ ಬೇಗ ಹೇಳಿ ಮುಂದಕ್ಕೆ ಹೋಗುತ್ತೇನೆ.

ಸಾವಿಗೂ ಆ ಊರಲ್ಲಿ ಕವಿತೆಯೇ ಕಟ್ಟಳೆ. ಸತ್ತವರನ್ನು ಮಣ್ಣು ಮಾಡಬಹುದು, ಆದರೆ ಅವರು ಸತ್ತರು ಅಂತ ಆಗಬೇಕಾದರೆ ಗುರುವಾರದ ಸಭೆಯಲ್ಲಿ ಅವರ ಮೇಲೊಂದು ಕವಿತೆ ಓದಬೇಕು. ಅದರ ಕೊನೆಯ ಸಾಲಿನಲ್ಲಿ ಅವರ ಹೆಸರು ಬರಬೇಕು. ಮೊದಲಲ್ಲ, ನಡುವೆಯಲ್ಲ, ಕೊನೆಯಲ್ಲಿ. ಹೆಸರು ಬೀಳುವ ತನಕ ಮನೆಯವರು ಅಳುವ ಹಾಗಿಲ್ಲ. ಊರಿನವರು ಅವರನ್ನು ಬದುಕಿದ್ದವರ ಲೆಕ್ಕದಲ್ಲೇ ವಿಚಾರಿಸಬೇಕು. ದೊಡ್ಡ ಕವಿ ಹೆಂಡತಿಯನ್ನು ಮಣ್ಣಿಗಿಟ್ಟು ಕೈ ತೊಳೆದುಕೊಂಡು ಬೀದಿಗೆ ಬಂದರೆ ರೊಟ್ಟಿ ಅಂಗಡಿಯವನು ಕೇಳಿದ, ‘ಮನೆಯವರು ಹೇಗಿದ್ದಾರೆ?’

‘ಚೆನ್ನಾಗಿದ್ದಾರೆ’ ಅಂದ ಕವಿ.

‘ನಾನು ಕೇಳಿದೆ ಅಂತ ಹೇಳಿ.’

‘ಹೇಳ್ತೀನಿ’ ಅಂದ.

ಪ್ರತಿ ದಿನ ಇದೇ. ತರಕಾರಿಯವನು, ಹಾಲಿನವಳು, ಮಸೀದಿಯ ಮೆಟ್ಟಿಲ ಮೇಲೆ ಕೂತವರು, ಎಲ್ಲರೂ. ಚೆನ್ನಾಗಿದ್ದಾರೆ, ಚೆನ್ನಾಗಿದ್ದಾರೆ. ಅನ್ನುವಾಗ ಅಳು ಎದೆಯಿಂದ ಹೊರಟು ಗಂಟಲಿಗೆ ಬಂದು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು. ಅನ್ನ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಅವನ ಮಗಳದ್ದೂ ಇದೇ ಗತಿ. ಗಂಡನ ಮನೆಯಿಂದ ಬಂದು ಕೂತಿದ್ದಳು, ಅಮ್ಮನಿಗಾಗಿ ಒಂದು ಹನಿ ಹಾಕುವ ಹಾಗಿಲ್ಲ. ಈರುಳ್ಳಿ ಹೆಚ್ಚುವಾಗಲೂ ಯಾರಾದರೂ ನೋಡಿ ತಪ್ಪು ತಿಳಿದಾರು ಅಂತ ಬಾಗಿಲು ಹಾಕಿಕೊಂಡು ಹೆಚ್ಚುತ್ತಿದ್ದಳು.

‘ಅಪ್ಪಾ’ ಅಂದಳು, ‘ಬೇಗ ಬರಿ. ನನ್ನ ಕೈಲಿ ಇನ್ನು ತಡಕೊಳ್ಳೋಕೆ ಆಗಲ್ಲ.’

ದೊಡ್ಡ ಕವಿ ಕೂತು ಬರೆದ. ಎಷ್ಟೋ ವರ್ಷಗಳ ಮೇಲೆ ಎರಡನೇ ಸಾಲು ಬರೆದ, ಮೂರನೆಯದು ಬರೆದ, ಕೊನೆಯದನ್ನೂ ಬರೆದ. ಗುರುವಾರ ಕಲ್ಲು ಹತ್ತಿ ನಿಂತ. ಮೊದಲ ಸಾಲು ಓದಿದ: ‘ಅವಳ ಒಲೆಯ ಹೊಗೆ ಗೇಟು ದಾಟುವಾಗ ಯಾರೂ ಚೀಟಿ ಕೇಳಲಿಲ್ಲ.’

ಅಯ್ಯೋ, ಓದಬಾರದಿತ್ತು. ಅಂಗಳಕ್ಕೆ ಅಂಗಳವೇ ಎದ್ದು ನಿಂತಿತು. ‘ಇನ್ನೊಮ್ಮೆ!’ ಓದಿದ. ‘ಇನ್ನೊಮ್ಮೆ!’ ಓದಿದ. ಮುದುಕರು ಕೋಲು ಬಡಿದರು, ಹೆಂಗಸರು ಸೆರಗು ಹಿಡಿದು ಬಾಯಿ ಮುಚ್ಚಿಕೊಂಡರು. ಅರ್ಥ ಹೇಳುವವನು ಕುರ್ಚಿ ಹತ್ತಿ ‘ಹೊಗೆ ಅಂದರೆ ನಮ್ಮ ಊರು! ಒಲೆ ಅಂದರೂ ನಮ್ಮ ಊರು!’ ಅಂತ ಕಿರುಚಿದ. ‘ಸಾಕ್ರಪ್ಪಾ, ಮುಂದಕ್ಕೆ ಬಿಡಿ’ ಅಂತ ಕವಿ ಕೈ ಮುಗಿದರೆ, ಆಹಾ ಎಂಥ ವಿನಯ ಅಂತ ಅದಕ್ಕೂ ಚಪ್ಪಾಳೆ. ಬಾಂಗ್ ಆಯಿತು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಹೋದರು. ಹೋಗುವಾಗ ರೊಟ್ಟಿ ಅಂಗಡಿಯವನು, ‘ಅಣ್ಣಾ, ಅದ್ಭುತ. ಅಂದ ಹಾಗೆ, ಮನೆಯವರು ಹೇಗಿದ್ದಾರೆ?’ ಅಂದ.

ಮಗಳು ಮನೆಗೆ ಬಂದವಳೇ ಪಾತ್ರೆಗಳನ್ನು ಸದ್ದು ಮಾಡಿಕೊಂಡು ತೊಳೆದಳು. ‘ಅಷ್ಟು ಚೆಂದ ಯಾಕೆ ಬರೆಯೋಕೆ ಹೋದೆ? ಯಾರು ಕೇಳಿದ್ದರು ನಿನ್ನ ಚೆಂದಾನ?’

‘ಅದು ತಾನಾಗಿ ಬರುತ್ತಮ್ಮ.’

‘ತಾನಾಗಿ ಬಂದದ್ದನ್ನ ಓಡಿಸು. ಕೆಟ್ಟದಾಗಿ ಬರಿ. ಕೇಳಿದವರಿಗೆ ಆಕಳಿಕೆ ಬರಬೇಕು, ಹಂಗೆ ಬರಿ.’

ಕೆಟ್ಟದಾಗಿ ಬರೆಯುವುದು ಅಷ್ಟು ಸುಲಭವಾ? ಕವಿ ವಾರವೆಲ್ಲ ತಿಣುಕಿದ. ತಲೆ ಕೆಟ್ಟು ಕೆರ ಹಿಡಿಯಿತು. ಎಷ್ಟು ಕೆಟ್ಟದಾಗಿ ಬರೆದರೂ ಎಲ್ಲೋ ಒಂದು ಪದ ಮಿಣುಕ್ಕೆನ್ನುತ್ತಿತ್ತು. ಅದನ್ನು ಹೊಡೆದು ಹಾಕುವುದಕ್ಕೆ ಕೈ ಬರುತ್ತಿರಲಿಲ್ಲ. ಕೊನೆಗೆ ಹಲ್ಲು ಕಚ್ಚಿಕೊಂಡು, ಗುರುವಾರ ಕಲ್ಲಿನ ಮೇಲೆ ನಿಂತು ಮೊದಲ ಸಾಲು ಓದಿದ: ‘ಇಂದು ಮಂಗಳವಾರ.’

ಅಂಗಳ ಸ್ತಬ್ಧವಾಯಿತು. ಕವಿಯ ಜೀವಕ್ಕೆ ಹಾಯೆನಿಸಿತು. ಎರಡನೇ ಸಾಲಿಗೆ ಉಸಿರು ಎಳೆದುಕೊಂಡ. ಅಷ್ಟರಲ್ಲಿ ಅರ್ಥ ಹೇಳುವವನು ಎದೆ ಹಿಡಿದುಕೊಂಡು ಎದ್ದ. ‘ಗುರುವಾರದ ದಿನ ನಿಂತು ಮಂಗಳವಾರ ಅನ್ನೋದಕ್ಕೆ ಎಂಟೆದೆ ಬೇಕು ಕಣ್ರೋ! ನಾವು ಕಳಕೊಂಡದ್ದು ನೆಲ ಒಂದೇ ಅಲ್ಲ, ವಾರಗಳನ್ನೂ ಕಳಕೊಂಡಿದ್ದೀವಿ! ಮಂಗಳವಾರ ಅಂದರೆ ನಮ್ಮ ಊರು!’

‘ಇನ್ನೊಮ್ಮೆ!’ ಅಂತ ಭೂಮಿ ಬಿರಿಯುವ ಹಾಗೆ ಕೂಗಿದರು.

‘ಇಂದು ಮಂಗಳವಾರ.’

‘ಇನ್ನೊಮ್ಮೆ!’

‘ಇಂದು ಮಂಗಳವಾರ’ ಅಂತ ಕವಿ ಅಳಲಾರದೆ ಹೇಳಿದ. ಆ ದನಿಯ ನಡುಕಕ್ಕೆ ಒಂದಷ್ಟು ಜನ ಮೂರ್ಛೆ ಹೋದರು. ಮಾರನೆಯ ದಿನ, ಶುಕ್ರವಾರ, ಊರ ಗೋಡೆಗಳ ಮೇಲೆಲ್ಲ ಕಪ್ಪು ಬಣ್ಣದಲ್ಲಿ ‘ಇಂದು ಮಂಗಳವಾರ’ ಅಂತ ಬರೆದಿತ್ತು. ಪರದೇಶದಿಂದ ಒಬ್ಬ ವಿದ್ವಾಂಸ ಬಂದು ಗೋಡೆಯ ಫೋಟೊ ತೆಗೆದುಕೊಂಡು ಹೋದ. ಅವನೂ ಕಣ್ಣು ಒರೆಸಿಕೊಂಡ ಅಂತ ಹೇಳಿದರು.

ಅವತ್ತು ಮನೆಯಲ್ಲಿ ಮಗಳು ಪಾತ್ರೆ ಬಡಿಯಲಿಲ್ಲ. ಅಮ್ಮನ ಚಾಪೆಯ ಮೇಲೆ ಕೂತು, ಒಣಗಿದ ಕಣ್ಣಲ್ಲಿ ಗೋಡೆ ನೋಡುತ್ತಾ ಹೇಳಿದಳು, ‘ಅಪ್ಪಾ, ಹಲ್ಲಿನ ಡಾಕ್ಟರ ಹತ್ತಿರ ಹೋಗೋಣ.’

ದೊಡ್ಡ ಕವಿಯ ಮುಖ ಹುಳ್ಳಗಾಯಿತು. ಹಲ್ಲಿನ ಡಾಕ್ಟರು ಆ ಊರಿನ ಇನ್ನೊಬ್ಬ ಕವಿ. ಕವಿ ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ, ಆದರೂ ಬರೆಯುತ್ತಿದ್ದ, ಓದುತ್ತಿದ್ದ. ರೋಗಿಯ ಬಾಯಿಯಲ್ಲಿ ಹತ್ತಿ ತುರುಕಿ, ಎದ್ದು ಹೋಗಲಾಗದ ಹೊತ್ತು ನೋಡಿ ಪದ್ಯ ಓದುವುದು ಅವನ ಅಭ್ಯಾಸ. ಅವನ ಪದ್ಯಕ್ಕೆ ಹುಟ್ಟಿದಾಗಿನಿಂದ ಒಬ್ಬನೂ ‘ಇನ್ನೊಮ್ಮೆ’ ಅಂದದ್ದಿಲ್ಲ. ಅವನು ಕಲ್ಲು ಹತ್ತಿದರೆ ಜನ ಚಪ್ಪಲಿ ಸರಿಮಾಡಿಕೊಳ್ಳುವುದು, ಕಲ್ಲಂಗಡಿ ಬೀಜ ಸುಲಿಯುವುದು, ಆಕಾಶ ನೋಡುವುದು. ದೊಡ್ಡ ಕವಿ ಅಂಥ ದಿನ ಸಭೆಗೇ ಹೋಗುತ್ತಿರಲಿಲ್ಲ, ತಲೆನೋವು ಅನ್ನುತ್ತಿದ್ದ. ಮನೆಯ ಕಿಟಕಿಯಿಂದ ಜನ ಅತ್ತುಕೊಂಡು ವಾಪಸು ಹೋಗುವುದು ಕಾಣುತ್ತಿತ್ತು. ಪದ್ಯ ಅಷ್ಟು ಕೆಟ್ಟದಾಗಿತ್ತು ಅಂತ ಅಳುತ್ತಿದ್ದಾರೆ ಅಂತಲೇ ಅವನು ತಿಳಿದಿದ್ದ.

‘ಅವನ ಪದ್ಯ ಮುಗಿಯುತ್ತೆ ಅಪ್ಪಾ’ ಅಂದಳು ಮಗಳು. ‘ಅದಕ್ಕೇ ಅಳ್ತಾರೆ. ಈ ಊರಲ್ಲಿ ಸತ್ತವರನ್ನೆಲ್ಲ ಕಳಿಸಿಕೊಟ್ಟಿರೋನು ಅವನೇ. ನೀನು ಇವತ್ತಿನವರೆಗೂ ಒಬ್ಬರನ್ನಾದರೂ ಕಳಿಸಿದ್ದೀಯಾ ಹೇಳು?’

ಕವಿ ಎದ್ದ. ಕೋಟು ಹಾಕಿಕೊಂಡ.

ಬೀದಿಯಲ್ಲಿ ಯಾರಾದರೂ ಕೇಳಿದರೆ ಹಲ್ಲುನೋವು ಅನ್ನೋಣ ಅಂತ ಅವನ ಉಪಾಯ. ಇದ್ದದ್ದೆಲ್ಲ ಕಟ್ಟಿಸಿದ ಹಲ್ಲು, ನೋಯುವುದಕ್ಕೆ ಅಲ್ಲಿ ಏನಿದೆ ಅಂತ ಕೇಳುವಷ್ಟು ಬುದ್ಧಿ ಯಾರಿಗೂ ಬರಲಿಲ್ಲ, ಅವನ ಪುಣ್ಯ. ಡಾಕ್ಟರು ಬಾಗಿಲಲ್ಲಿ ದೊಡ್ಡ ಕವಿಯನ್ನು ಕಂಡು ಕೈಯಲ್ಲಿದ್ದ ಇಕ್ಕಳ ಬೀಳಿಸಿದ.

‘ಬನ್ನಿ ಅಣ್ಣಾ, ಬನ್ನಿ. ಬಾಯಿ ತೆಗೀರಿ.’

‘ಬಾಯಿ ಇರಲಿ ಡಾಕ್ಟ್ರೇ. ಕೆಲಸ ಬೇರೆ ಇದೆ.’

ಹೇಳುವುದಕ್ಕೆ ಕವಿಗೆ ನಾಚಿಕೆ. ಮಗಳೇ ಹೇಳಿದಳು. ‘ಅಮ್ಮನ ಮೇಲೆ ಒಂದು ಬರೆದು ಕೊಡಿ ಡಾಕ್ಟ್ರೇ. ನೀವೇ ಓದಬೇಕು. ಮುಗಿಯೋ ಅಂಥದ್ದು.’

ಡಾಕ್ಟರಿಗೆ ಸಿಡಿಲು ಬಡಿದ ಹಾಗಾಯಿತು. ಗೌನಿನ ತುದಿಯಿಂದ ಕನ್ನಡಕ ಒರೆಸಿಕೊಂಡ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿಕೊಂಡ. ‘ನಾನಾ? ಅಣ್ಣನ ಮನೆಯವರ ಮೇಲೆ?’ ಅಂದ. ಆಮೇಲೆ ಕಾಗದ ಪೆನ್ನು ತಂದು, ಎದುರು ಸ್ಟೂಲಿನ ಮೇಲೆ ಮಂಡಿ ಜೋಡಿಸಿ ಕೂತು ಕೇಳಿದ, ‘ಅವರ ವಿಷಯ ಸ್ವಲ್ಪ ಹೇಳಿ.’

ದೊಡ್ಡ ಕವಿ ಗಂಟಲು ಸರಿಮಾಡಿಕೊಂಡ. ‘ಅವಳು ಗಾಳಿಗೆ ಬಾಗದ ಸೈಪ್ರಸ್ ಮರ.’

‘ಹೂಂ. ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತಾರೆ?’

‘ಅವಳ ಮೌನ ಒಂದು ಹಳೆಯ ಆಲಿವ್ ತೋಪು.’

‘ಅದು ಸರಿ ಅಣ್ಣಾ. ಊಟಕ್ಕೆ ಏನು ಇಷ್ಟ?’

ಕವಿ ಮಗಳ ಮುಖ ನೋಡಿದ. ‘ಬೆಂಡೆಕಾಯಿ’ ಅಂದಳು ಮಗಳು, ‘ಟೊಮೆಟೊ ಹಾಕಿ. ತುದಿ ಬಿಸಾಡಬಾರದು ಅಂತಾರೆ.’

ಡಾಕ್ಟರು ಬರೆದುಕೊಂಡ. ‘ಅಷ್ಟು ಸಾಕು. ನನಗೂ ಅವರದು ಸ್ವಲ್ಪ ಪರಿಚಯ ಇದೆ, ಒಂದು ದವಡೆ ಹಲ್ಲಿನ ಮಟ್ಟಿಗೆ.’

‘ಏನಯ್ಯಾ, ಮೊದಲನೇ ಸಾಲಾದರೂ ನಾನು ಒಂಚೂರು ತಿದ್ದಿ ಕೊಡ್ಲಾ?’ ಅಂತ ಕವಿ ಪೆನ್ನಿಗೆ ಕೈ ಚಾಚಿದ. ಮಗಳು ಆ ಕೈ ಮೇಲೆ ಪಟಾರನೆ ಒಂದು ಕೊಟ್ಟಳು. ‘ಒಂದು ಅಕ್ಷರ ಮುಟ್ಟಿದರೆ ನೋಡು!’

ಗುರುವಾರ ಬಂತು. ಡಾಕ್ಟರು ಕಲ್ಲು ಹತ್ತಿದ್ದನ್ನು ಕಂಡು ಅಂಗಳ ಬೀಜದ ಪೊಟ್ಟಣ ಬಿಚ್ಚಿತು. ಅರ್ಥ ಹೇಳುವವನು ಕುರ್ಚಿಗೆ ಒರಗಿ ಕಾಲು ಚಾಚಿದ. ಹೆಂಗಸರ ಸಾಲಿನಲ್ಲಿ ಮಗಳು ಎರಡೂ ಕೈ ಹಿಸುಕಿಕೊಂಡು ಕೂತಿದ್ದಳು. ದೊಡ್ಡ ಕವಿ ಮುಂದಿನ ಸಾಲಿನಲ್ಲಿ ಕೂತಿದ್ದ. ಕವಿತೆ ಓದುವ ಕಲ್ಲಿನ ಕೆಳಗೆ ಅವನು ಕೂತದ್ದು ಅದೇ ಮೊದಲು. ನೆಲ ಗಟ್ಟಿಯಾಗಿತ್ತು, ಚುಚ್ಚುತ್ತಿತ್ತು.

ಡಾಕ್ಟರು ಓದಿದ:

‘ಇವರು ನಮ್ಮ ಬೀದಿಯ ಮೂಲೆಮನೆಯವರು.
ಬಾಗಿಲಿಗೆ ಹಸಿರು ಬಣ್ಣ, ಬಾಗಿಲು ಸ್ವಲ್ಪ ಸೊಟ್ಟ.’

ಯಾರೋ ಆಕಳಿಸಿದರು. ಮಗಳ ಮುಖ ಅರಳಿತು.

‘ಬೆಂಡೆಕಾಯಿ ಹೆಚ್ಚುವಾಗ ತುದಿ ಬಿಸಾಡುತ್ತಿರಲಿಲ್ಲ.
ತುದಿಯಲ್ಲಿಯೂ ಸತ್ವವಿದೆ ಎನ್ನುತ್ತಿದ್ದರು.’

ಅರ್ಥ ಹೇಳುವವನು ಬೆಂಡೆಕಾಯಿ ಅಂದರೆ ಏನು ಅಂತ ಒಂದು ಗಳಿಗೆ ಯೋಚಿಸಿ, ಬೇಡ ಅಂತ ಕಣ್ಣು ಮುಚ್ಚಿದ. ಎಲ್ಲ ಸುಸೂತ್ರ ನಡೆದಿತ್ತು. ಇನ್ನು ನಾಲ್ಕು ಸಾಲು, ಆಮೇಲೆ ಹೆಸರು. ದೊಡ್ಡ ಕವಿಗೆ ಪದ್ಯದ ಅಧ್ವಾನ ಕೇಳಿ ಮೈಯೆಲ್ಲ ಮುಳ್ಳು, ಆದರೂ ಬಿಗಿಹಿಡಿದು ಕೂತಿದ್ದ. ಡಾಕ್ಟರು ಕನ್ನಡಕ ಮೇಲಕ್ಕೆ ತಳ್ಳಿ ಮುಂದಿನ ಸಾಲು ಓದಿದ:

‘ದವಡೆ ಹಲ್ಲು ಕೀಳುವಾಗ ಅವರು ಕೂಗಲಿಲ್ಲ. ಮೆಲ್ಲಗೆ ಡಾಕ್ಟ್ರೇ, ಹೊರಗೆ ಬೆಂಚಿನ ಮೇಲೆ ನಮ್ಮವರು ಕವಿತೆ ಬರೀತಿದ್ದಾರೆ, ಅಂದರು.’

‘ಇನ್ನೊಮ್ಮೆ!’

ಇಡೀ ಅಂಗಳ ತಿರುಗಿ ನೋಡಿತು. ಬೀಜ ಸುಲಿಯುತ್ತಿದ್ದವರ ಕೈ ನಿಂತಿತು. ಕೂಗಿದವನು ದೊಡ್ಡ ಕವಿ. ಎದ್ದು ನಿಂತಿದ್ದ, ತಾನು ಯಾವಾಗ ಎದ್ದೆ ಅಂತ ಅವನಿಗೇ ಗೊತ್ತಿರಲಿಲ್ಲ.

ಡಾಕ್ಟರ ಕೈಯಿಂದ ಕಾಗದ ಜಾರಿತು. ಜನ್ಮದಲ್ಲಿ ಅವನು ಆ ಮಾತನ್ನು ತನ್ನ ಪದ್ಯಕ್ಕೆ ಕೇಳಿದವನಲ್ಲ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಕಾಗದ ಎತ್ತಿಕೊಂಡು ಆ ಸಾಲನ್ನೇ ಓದಿದ. ಮೆಲ್ಲಗೆ ಡಾಕ್ಟ್ರೇ, ಹೊರಗೆ ಬೆಂಚಿನ ಮೇಲೆ ನಮ್ಮವರು ಕವಿತೆ ಬರೀತಿದ್ದಾರೆ.

‘ಇನ್ನೊಮ್ಮೆ!’

ದೊಡ್ಡ ಕವಿಯೇ ಕೂಗಿದ ಮೇಲೆ ಊರಿನದೇನು? ಅರ್ಥ ಹೇಳುವವನು ದಡಬಡಿಸಿ ಎದ್ದ. ‘ಹಲ್ಲು ಅಂದರೆ ನಮ್ಮ ಊರು! ಕಿತ್ತದ್ದು ಯಾರು ಅಂತ ಬಿಡಿಸಿ ಹೇಳಬೇಕಾ!’ ಜನ ಪೊಟ್ಟಣ ಎಸೆದು ‘ಇನ್ನೊಮ್ಮೆ! ಇನ್ನೊಮ್ಮೆ!’ ಅಂದರು. ಡಾಕ್ಟರು ಓದಿದ, ಅವರು ಕೂಗಿದರು, ಡಾಕ್ಟರು ಓದಿದ. ಮೊದಮೊದಲು ಅವನು ಎದೆ ಉಬ್ಬಿಸಿ ಓದಿದ, ಕೈ ಬೀಸಿ ಓದಿದ, ಕೊನೆಗೆ ಒಂದು ಕಾಲು ಮುಂದಿಟ್ಟು ದೊಡ್ಡ ಕವಿಯ ಹಾಗೆಯೇ ನಿಂತು ಓದಿದ. ಎಷ್ಟಾದರೂ ಅದು ಬೆಂಡೆಕಾಯಿ ಪದ್ಯದ ಸಾಲು. ಜನಕ್ಕೆ ಬೇಗ ಬೇಜಾರು ಬಂತು. ಒಬ್ಬೊಬ್ಬರಾಗಿ ಕೂತರು. ಅರ್ಥ ಹೇಳುವವನೂ ಕೂತ.

ದೊಡ್ಡ ಕವಿ ಕೂರಲಿಲ್ಲ. ‘ಇನ್ನೊಮ್ಮೆ’ ಅಂದ.

ಅವನಿಗೆ ಕಾಣುತ್ತಿತ್ತು. ಆ ಬೆಂಚು, ಆ ಮುಚ್ಚಿದ ಬಾಗಿಲು. ಎಷ್ಟು ಹೊತ್ತು ಮಾಡ್ತಾಳೆ ಅಂತ ತಾನು ಗೊಣಗಿಕೊಂಡು ಕೂತದ್ದು. ಬಾಗಿಲಿನ ಆಚೆ ಅವಳು ಬಾಯಲ್ಲಿ ರಕ್ತ ತುಂಬಿಕೊಂಡು, ಹೊರಗೆ ಬರೆಯುತ್ತಿದ್ದ ಗಂಡನಿಗೆ ತೊಂದರೆ ಆಗಬಾರದು ಅಂತ ಕೂಗು ನುಂಗಿಕೊಂಡದ್ದು ಅವನಿಗೆ ಈಗ ಗೊತ್ತಾಗುತ್ತಿತ್ತು. ಸಾಲು ಓದಿದಾಗಲೆಲ್ಲ ಅವಳು ಆ ಕುರ್ಚಿಯ ಮೇಲೆ ಇದ್ದಳು, ಮೆಲ್ಲಗೆ ಡಾಕ್ಟ್ರೇ ಅನ್ನುತ್ತಿದ್ದಳು. ಸಾಲು ಮುಗಿದ ಕೂಡಲೇ ಇರುತ್ತಿರಲಿಲ್ಲ.

‘ಇನ್ನೊಮ್ಮೆ.’

ಬೆಟ್ಟದ ಮೂಲೆಯಲ್ಲಿ ಹೊತ್ತು ಕೆಂಪಗಾಯಿತು.

‘ಇನ್ನೊಮ್ಮೆ.’

‘ಅಪ್ಪಾ!’ ಅಂತ ಹೆಂಗಸರ ಸಾಲಿನಿಂದ ಮಗಳು ಚೀರಿದಳು. ‘ಅಪ್ಪಾ, ಏನು ಮಾಡ್ತಿದ್ದೀಯ! ಬಾಂಗ್ ಆಗುತ್ತೆ! ನಾನು ಇನ್ನೂ ಒಂದು ವಾರ ಹೆಂಗೆ ತಡಕೊಳ್ಳಲಿ!’

ಅವನಿಗೆ ಕೇಳಿಸಿತು. ಕೇಳಿಸಿಯೂ ಬಾಯಿ ತಾನಾಗಿ ತೆರೆಯಿತು, ‘ಇನ್ನೊಮ್ಮೆ’ ಅಂದಿತು. ಆಗ ಅವನಿಗೆ ಹೊಳೆಯಿತು ನೋಡಿ. ಇಷ್ಟು ವರ್ಷ ಈ ಜನ ಕೂಗಿದ್ದು ತನ್ನ ಸಾಲಿನ ಚೆಂದಕ್ಕಲ್ಲ. ಒಂದು ಸಾಲು ಮುಗಿದರೆ ಇನ್ನೊಂದು ಬರುತ್ತದೆ, ಅದೂ ಮುಗಿದರೆ ಕೊನೆಯದು ಬರುತ್ತದೆ, ಕೊನೆಯದರಲ್ಲಿ ಏನಿದೆ ಅಂತ ಇವರಿಗೆಲ್ಲ ಗೊತ್ತು. ಬಾವಿ ಬಾವಿ ಅಂತ ಕೂಗುತ್ತಿರುವಷ್ಟು ಹೊತ್ತು ಬಾವಿ ಅಲ್ಲೇ ಇರುತ್ತದೆ, ಇವರು ಅದರ ಕಟ್ಟೆಯ ಮೇಲೆ ಕೂತಿರುತ್ತಾರೆ. ಥತ್, ಅದನ್ನೆಲ್ಲ ತನ್ನ ಪ್ರತಿಭೆ ಅಂತ ತಿಳಿದು ಮೀಸೆ ತಿರುವಿದ್ದನಲ್ಲ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಗೊತ್ತಾದ ಮೇಲೂ ಬಾಯಿ ನಿಲ್ಲುತ್ತಿರಲಿಲ್ಲ.

ಮಸೀದಿಯ ಮೈಕು ಒಮ್ಮೆ ಕೆಮ್ಮಿತು. ಬಾಂಗ್ ಕೊಡುವವನು ಬಂದು ನಿಂತಿದ್ದಾನೆ ಅಂತ ಅರ್ಥ.

ಡಾಕ್ಟರು ಕಲ್ಲಿನ ಮೇಲಿಂದ ದೊಡ್ಡ ಕವಿಯನ್ನೇ ನೋಡುತ್ತಿದ್ದ. ಅವನ ಮುಖದ ಕೆಂಪು ಇಳಿದಿತ್ತು. ಬೇಕಾಗಿದ್ದರೆ ಅವನು ಇನ್ನೂ ಓದಬಹುದಿತ್ತು. ಅಂಥ ದಿನ ಅವನಿಗೆ ಇನ್ನೊಂದು ಬರುವುದಿಲ್ಲ, ಅದು ಅವನಿಗೂ ಗೊತ್ತಿತ್ತು. ಆದರೆ ಅವನು ಕಾಗದ ಕೆಳಗಿಳಿಸಿದ, ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ಮುಖಕ್ಕೆ ಮುಖ ತಂದು, ರೋಗಿಗಳಿಗೆ ಹೇಳುವ ದನಿಯಲ್ಲಿ ಹೇಳಿದ.

‘ಅಣ್ಣಾ. ಜೀವಮಾನವೆಲ್ಲ ಎಲ್ಲರಿಗೂ ಬಾಯಿ ತೆಗೀರಿ ಅಂದೋನು ನಾನು. ನಿಮಗೊಬ್ಬರಿಗೆ ಹೇಳ್ತಿದ್ದೀನಿ. ಬಾಯಿ ಮುಚ್ಚಿ.’

ದೊಡ್ಡ ಕವಿ ತಲೆಯ ಮೇಲಿನ ವಸ್ತ್ರ ಎಳೆದುಕೊಂಡ. ಅದರ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿದ. ಇನ್ನೂ ಸಾಲದು ಅಂತ ಮೇಲೊಂದು ಕೈ ಒತ್ತಿ ಹಿಡಿದ. ಆ ಕೈ ಅಲ್ಲಾಡಬಾರದು ಅಂತ ಇನ್ನೊಂದು ಕೈಯಿಂದ ಅದನ್ನು ಒತ್ತಿ ಹಿಡಿದ. ಒಳಗಿನಿಂದ ಊಂ ಊಂ ಅಂತ ಸದ್ದು ಬರುತ್ತಿತ್ತು. ಅದು ಇನ್ನೊಮ್ಮೆ ಅಂತ ಯಾರಾದರೂ ವಾದ ಮಾಡಬಹುದಿತ್ತು. ಅರ್ಥ ಹೇಳುವವನು ಬಾಯಿ ತೆರೆಯುವುದರಲ್ಲಿದ್ದ. ಪಕ್ಕದಲ್ಲಿದ್ದ ರೊಟ್ಟಿ ಅಂಗಡಿಯವನು ಅವನ ತೊಡೆ ಚಿವುಟಿದ.

ಡಾಕ್ಟರು ಎದ್ದು ನಿಂತು ಓದಿದ:

‘ಕಿತ್ತ ಹಲ್ಲನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ.
ಅವರು ಅದನ್ನು ಮೇಜಿನ ಮೇಲೇ ಮರೆತು ಹೋದರು.
ಆಮೇಲೆ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ.
ಹೋದವರ ಹೆಸರು ವಸ್ಫಿಯಾ.’

ದೊಡ್ಡ ಕವಿ ಬಾಯಿಂದ ಬಟ್ಟೆ ತೆಗೆದ. ಬಟ್ಟೆಯ ಜತೆ ಮೇಲಿನ ಸಾಲಿನ ಹಲ್ಲೂ ಕಿತ್ತುಕೊಂಡು ಬಂತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅವನು ಅಳತೊಡಗಿದ. ಚೆಂದದ ಅಳು ಅಲ್ಲ ಅದು. ಬೊಚ್ಚುಬಾಯಿಯ, ಸಿಂಬಳ ಸುರಿಯುವ, ಲಯ ಇಲ್ಲದ, ತಲೆಬುಡ ಇಲ್ಲದ ಅಳು. ಮೈಕಿನಲ್ಲಿ ಬಾಂಗ್ ಶುರುವಾಯಿತು. ಮಗಳು ಗಂಡಸರ ಸಾಲನ್ನು ದಾಟಿಕೊಂಡು, ಅವರಿವರ ಕಾಲು ತುಳಿದುಕೊಂಡು ಬಂದಳು. ಬಂದವಳೇ ಅಪ್ಪನ ಬೆನ್ನಿಗೆ ಧಡ್ ಅಂತ ಒಂದು ಗುದ್ದಿದಳು. ‘ಎಷ್ಟು ಹೊತ್ತಪ್ಪಾ ನಿಂದು!’ ಅಂದಳು. ಆಮೇಲೆ ಅದೇ ಬೆನ್ನಿಗೆ ಹಣೆ ಹಚ್ಚಿ, ಅಮ್ಮಾ ಅಂತ ಅತ್ತಳು.